ಮೈಸೂರಿನ ಅಗ್ನಿಬಾಣ

ದೀಪಾವಳಿಯ ಬಾಣ ಗಾಳಿಯನ್ನು ಒದ್ದು ಮೇಲೇರುತ್ತದೆಂದು ಹಲವರ ನಂಬಿಕೆ. ಹಾಗಲ್ಲ. ಉರಿದ ಮದ್ದಿನ ಅನಿಲ ಹಿಂದಕ್ಕೆ ನುಗ್ಗುವಾಗ ಕೊಳವೆಯನ್ನು ಮುಂದಕ್ಕೆ ನೂಕುತ್ತದೆ. ನ್ಯೂಟನ್ 1687ರಲ್ಲಿ ಸಾರಿದ ನಿಯಮವೇ ಇದು. ಒಳಗಿನ ಒತ್ತಡ ಹೆಚ್ಚಿದಷ್ಟೂ ನೂಕು ಹೆಚ್ಚು. ಆದರೆ ಕಾಗದದ ಕೊಳವೆ ಆ ಒತ್ತಡಕ್ಕೆ ತಾಳದೆ ಒಡೆಯುತ್ತದೆ. ಹೈದರ್, ಟಿಪ್ಪು ಇವರ ಕಾಲದಲ್ಲಿ ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ಜಡಿದು ತುಂಬಿದರು. ಬಾಣ ಮೈಲಿಯಾಚೆಗೂ ಹಾರಿತು. ನೆಟ್ಟಗೆ ಸಾಗಲೆಂದು ಉದ್ದನೆಯ ಬಿದಿರುಕೋಲು ಕಟ್ಟುತ್ತಿದ್ದರು. ಗುರಿ ಮಾತ್ರ ಅಷ್ಟಕ್ಕಷ್ಟೇ ಎನ್ನಬೇಕು!

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಬಾಣಗಳು ಇಂಗ್ಲೆಂಡಿಗೆ ಹೋದವು. ಅವುಗಳಿಂದ ಪ್ರೇರಿತನಾಗಿ ಕಾಂಗ್ರೀವ್ ಮಾಡಿಸಿದ ರಾಕೆಟ್ಟುಗಳು 1806ರಲ್ಲಿ ಫ್ರಾನ್ಸಿನ ಬೊಲೋನ್ ಪಟ್ಟಣದ ಮೇಲೆ ಸುರಿದವು. ಆ ರಾಕೆಟ್ಟಿಗೆ ಅವನ ಹೆಸರೇ ನಿಂತಿತು. ನಮ್ಮ ಕಮ್ಮಾರರ ಕೆಲಸವೋ, 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಾಳುಬಾವಿಯೊಂದರ ಮಣ್ಣಿನಿಂದ ಮೇಲೆದ್ದಿತು: ಸಾವಿರಕ್ಕೂ ಮಿಕ್ಕ ಕಬ್ಬಿಣದ ಬಾಣಗಳು.