ಕಟ್ಟಡದ ವ್ಯಾಜ್ಯವೂ ಮಧ್ಯಸ್ಥರ ತೀರ್ಪೂ

ಸಹೋದರರ ಜಗಳ ನ್ಯಾಯಸ್ಥಾನದ ಮೆಟ್ಟಿಲೇರುವುದನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಆಕ್ಷೇಪಿಸಿದ್ದು ವಾಚಕರಿಗೆ ತಿಳಿದದ್ದೇ. ದೇವಾಲಯವಾಗಲಿ ಶಾಲೆಯಾಗಲಿ, ಕಟ್ಟಿಸುವವರಿಗೂ ಗುತ್ತಿಗೆದಾರರಿಗೂ ಮನಸ್ತಾಪ ಹುಟ್ಟುವುದು ಅಪರೂಪವಲ್ಲ. ಅಳತೆ ಪುಸ್ತಕದ ಲೆಕ್ಕ, ಹೆಚ್ಚುವರಿ ಕೆಲಸದ ದರ, ತಡವಾದ ಹಣ, ಸೋರುವ ತಾರಸಿ ಇವೇ ಅದಕ್ಕೆ ಕಾರಣ. ಇಂಥದನ್ನು ಉಭಯರೂ ಒಪ್ಪಿದ ಮಧ್ಯಸ್ಥಗಾರನ ಮುಂದೆ ಬೇಗ ತೀರಿಸಿಕೊಳ್ಳಲೆಂದೇ 1940ರ ಮಧ್ಯಸ್ಥಿಕೆ ಕಾಯಿದೆ ಬಂದಿತು. ಉದ್ದೇಶವೇನೋ ಒಳ್ಳೆಯದೇ.

ಆದರೆ ದೆಹಲಿಯ ಗುರುನಾನಕ್ ಫೌಂಡೇಶನ್ನಿನ ಕಟ್ಟಡದ ಕಥೆಯನ್ನು ನೋಡೋಣ. ಸಂಸ್ಥೆಗೂ ಗುತ್ತಿಗೆದಾರರಿಗೂ ವಿವಾದವೆದ್ದು, ಮಧ್ಯಸ್ಥಗಾರನ ನೇಮಕದ ಪ್ರಶ್ನೆಯೇ ಸರ್ವೋಚ್ಚ ನ್ಯಾಯಾಲಯದ ತನಕ ಹೋಯಿತು. ಅಲ್ಲಿ ನೇಮಕಗೊಂಡವರು ತೀರ್ಪಿತ್ತರು. ಆಗ ಆ ತೀರ್ಪನ್ನು ಸಲ್ಲಿಸಬೇಕಾದದ್ದು ಯಾವ ನ್ಯಾಯಾಲಯದಲ್ಲಿ ಎಂಬ ಮತ್ತೊಂದು ವ್ಯಾಜ್ಯ ಹುಟ್ಟಿತು! ಈ ಕಾಯಿದೆ ನಡೆದ ರೀತಿಗೆ ವಕೀಲರು ನಗುವಂತಾಗಿದೆ, ನ್ಯಾಯತತ್ತ್ವಜ್ಞರು ಅಳುವಂತಾಗಿದೆ ಎಂದು ನ್ಯಾಯಮೂರ್ತಿ ಡಿ. ಎ. ದೇಸಾಯಿಯವರು 1981ರಲ್ಲಿ ಮರುಗಿದರು. ಅದು ಅತಿಶಯೋಕ್ತಿಯೆಂದು ನಮಗೆ ತೋರುವುದಿಲ್ಲ.

1996ರ ಹೊಸ ಕಾಯಿದೆ ನ್ಯಾಯಾಲಯಗಳ ಹಸ್ತಕ್ಷೇಪವನ್ನು ಮೊಟಕುಗೊಳಿಸಿ, ರಾಜಿ ಸಂಧಾನಕ್ಕೂ ಸ್ಥಾನ ಕೊಟ್ಟಿತು. ಆದರೂ ಗುತ್ತಿಗೆ ಕೊಟ್ಟ ಇಲಾಖೆಯ ಎಂಜಿನಿಯರರೇ ನ್ಯಾಯ ಹೇಳುವ ವಿಚಿತ್ರ ಪದ್ಧತಿ ಉಳಿದೇ ಇತ್ತು. ವಿವಾದ ಹುಟ್ಟಿದ ಮೇಲೆ ಉಭಯರೂ ಲಿಖಿತವಾಗಿ ಒಪ್ಪಿದ ಹೊರತು ಅದು ಸಲ್ಲದೆಂದು 2015ರ ತಿದ್ದುಪಡಿ ವಿಧಿಸಿತು. ತಡವಾಗಿಯಾದರೂ ಬಂದ ನ್ಯಾಯವಿದು.

ಕರಾರಿನಲ್ಲಿ ಮಧ್ಯಸ್ಥಿಕೆಯ ಮಾತೇ ಇಲ್ಲದಿದ್ದರೆ? ಕೊಚ್ಚಿ ಬಂದರಿನ ಸೇತುವೆ, ರಸ್ತೆಗಳ ಕಾಮಗಾರಿಯಲ್ಲಿ ಮುಖ್ಯ ಗುತ್ತಿಗೆದಾರರಿಗೂ ಉಪಗುತ್ತಿಗೆದಾರರಿಗೂ ಆದದ್ದು ಅದೇ. ಕೆಳಗಿನ ನ್ಯಾಯಾಲಯ ವ್ಯಾಜ್ಯವನ್ನು ಮಧ್ಯಸ್ಥಗಾರರಿಗೆ ಒಪ್ಪಿಸಿತು. ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ಎಲ್ಲರ ಒಪ್ಪಿಗೆಯಿಲ್ಲದೆ ಯಾರನ್ನೂ ಮಧ್ಯಸ್ಥಗಾರನ ಮುಂದೆ ನಿಲ್ಲಿಸಲಾಗದು ಎಂದಿತು. ಸಂಧಾನಕ್ಕೆ ಕಳುಹಿಸಲು ಮಾತ್ರ ಆ ಒಪ್ಪಿಗೆ ಬೇಕಿಲ್ಲ. ಏಕೆಂದರೆ ಮಧ್ಯಸ್ಥಗಾರನ ತೀರ್ಪು ಸೋತವನನ್ನೂ ಬಂಧಿಸುತ್ತದೆ. ಸಂಧಾನಕಾರನಾದರೋ ಏನನ್ನೂ ಹೇರಲಾರನು.

ಆದುದರಿಂದ ನಮ್ಮ ಕಟ್ಟಡ ಸಮಿತಿಗಳವರು ಅಡಿಗಲ್ಲಿಗೆ ಮುನ್ನವೇ ಕರಾರನ್ನು ಓದಿಸಿಕೊಂಡು, ಮಧ್ಯಸ್ಥಗಾರನನ್ನು ನೇಮಿಸುವವರಾರು, ಮೊದಲು ಸಂಧಾನಕ್ಕೆ ಎಷ್ಟು ದಿನ ಎಂಬುದನ್ನು ಬರೆಸಿಕೊಳ್ಳತಕ್ಕದ್ದು. ವ್ಯಾಜ್ಯ ನ್ಯಾಯಾಲಯ ಸೇರಿಬಿಟ್ಟಿದ್ದರೂ ಸಂಧಾನದ ಬಾಗಿಲು ಮುಚ್ಚಿಲ್ಲ; ಬೆಂಗಳೂರಿನಲ್ಲಿ 2007ರಿಂದ ಅದಕ್ಕೆಂದೇ ಒಂದು ಕೇಂದ್ರವಿದೆ.