ಟಪಾಲು ಗಾಡಿ ನಮ್ಮ ಕಡೆ ಎಲ್ಲಿ ತನಕ ಬಂತು?

ಇವತ್ತು ಬೆಳೆ ಮಾತಲ್ಲ, ಟಪಾಲಿನ ಮಾತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1948ರ ತನಕ ನಿಜಾಮರ ಸಂಸ್ಥಾನದಾಗ ಇದ್ದವು. ಅವರ ಟಪಾಲು ಬೇರೆ. 1869ರಿಂದ ಸ್ಟಾಂಪೂ ಅವರದೇ. ಅದು ಭಾರತದ ಅಂಚೆಯಲ್ಲಿ ಕೂಡಿದ್ದು 1950ರಲ್ಲಿ. 'ಅಂಚೆ' ಮೈಸೂರು ಸೀಮೆಯ ಮಾತು, ನಮ್ಮ ಹಿರಿಯರ ಬಾಯಾಗ ಇವತ್ತಿಗೂ ಟಪಾಲೇ.

ಮೊದಲು ಚೀಲ ಹೊತ್ತವರು ಭರ್ಚಿ, ಗೆಜ್ಜೆ ಹಿಡಿದು ಓಡುವ ಹರಿಕಾರರು. ಆಮೇಲೆ ಮೋಟಾರು ಬಂತು. ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಸುರು ಮಾಡಿತು. ದೊಡ್ಡ ಶಹರಗಳಲ್ಲಿ ಅಂಚೆ ಇಲಾಖೆ ತನ್ನದೇ ಕೆಂಪು ವ್ಯಾನು ಇಟ್ಟಿತು. ಬೆಂಗಳೂರಿನ ಮೇಲ್ ಮೋಟಾರ್ ಸರ್ವಿಸ್ ಅಂದ್ರೆ ಅದೇ.

ಹಳ್ಳಿ ಕಡೆಗೆ ಆ ವ್ಯಾನು ಯಾಕೆ ಬರಲಿಲ್ಲ? ಲೆಕ್ಕ ಸರಳ ಅದ. ಸ್ವಂತ ಗಾಡಿ, ಡ್ರೈವರ್, ಡೀಸೆಲ್ ಖರ್ಚು ಗಿಟ್ಟಬೇಕಾದ್ರೆ ಗಾಡಿ ತುಂಬ ಚೀಲ ಬೇಕು. ಎರಡು ಚೀಲಕ್ಕೆ ಬಸ್ಸಿನವರಿಗೆ ಬಾಡಿಗೆ ಕೊಡೋದೇ ಅಗ್ಗ. ಹಂಗಾಗಿ ಚೀಲ ಬಸ್ಸಿನ ಮೇಲೆ ಬಂತು, ಅಲ್ಲಿಂದ ಸೈಕಲ್ ಮೇಲೆ ಊರಿಗೆ. ಬಸ್ಸು ತಪ್ಪಿದರೆ ಟಪಾಲೂ ತಪ್ಪಿತು. ಕೊಪ್ಪಳಕ್ಕೆ ಬ್ರಿಟಿಷರ ಕಾಲದಾಗೇ ಹುಬ್ಬಳ್ಳಿ-ಗುಂತಕಲ್ ರೈಲು ಇತ್ತು. ಕುಷ್ಟಗಿಗೆ ರೈಲು ಬಂದದ್ದು 2025ರಲ್ಲಿ. ಅಲ್ಲಿ ತನಕ ಆ ತಾಲೂಕಿಗೆ ರಸ್ತೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಪಿನ್ ಕೋಡೂ ಜಿಲ್ಲೆಯ ಗಡಿ ನೋಡೋದಿಲ್ಲ. ಕೊಪ್ಪಳ 583231, ಗಂಗಾವತಿ 583227. ಬಳ್ಳಾರಿ ಶಹರದ್ದೂ 583ರಿಂದಲೇ ಸುರು. ಮೊದಲ ಮೂರು ಅಂಕಿ ಹೇಳೋದು ಚೀಲ ವಿಂಗಡಣೆ ಆಗೋ ವಲಯವನ್ನ.

ಇದು ಬರೇ ಹಳೇ ಕಥೆ ಅಲ್ರಿ. ಪೋಡಿ, ಬ್ಯಾಂಕ್ ಸಾಲ, ಭೂಸ್ವಾಧೀನದ ನೋಟಿಸು ಇವತ್ತಿಗೂ ಟಪಾಲಿನಾಗೇ ಬರತಾವ. ಹೋದ ವರ್ಷ ನನಗೊಂದು ನೋಟಿಸು ವಿಚಾರಣೆ ತಾರೀಖು ಮುಗಿದ ನಾಲ್ಕನೇ ದಿನ ಕೈಗೆ ಬಂತು. ಲಕೋಟೆ ಮೇಲಿನ ಮೊಹರು ತೋರಿಸಿದ ಮೇಲೆ ಬೇರೆ ತಾರೀಖು ಸಿಕ್ಕಿತು. 2025ರಲ್ಲಿ ರಿಜಿಸ್ಟರ್ ಪೋಸ್ಟು ಸ್ಪೀಡ್ ಪೋಸ್ಟಿನಾಗ ಕೂಡೇದ. ಹೆಸರು ಸ್ಪೀಡ್ ಆದರೂ ಕಡೇ ಹಾದಿ ಅದೇ ಸೈಕಲ್ಲು, ಅದೇ ಬೈಕು. ಅದಕ್ಕ ನೋಟಿಸು ಬಂದರೆ ಲಕೋಟೆ ಹರಿದು ಒಗೀಬ್ಯಾಡ್ರಿ. ಕೈಗೆ ಬಂದ ದಿನ ಅದರ ಮೇಲೇ ಬರದು, ಪಹಣಿ ಜೊತೆಗೆ ಇಡ್ರಿ.

ನಿಮ್ಮೂರಿಗೆ ಟಪಾಲು ಚೀಲ ಯಾವ ಬಸ್ಸಿಗೆ ಬರತಿತ್ತು? ಹಿರಿಯರನ್ನ ಕೇಳಿ ಬರೀರಿ.