ಹಾಲಿಲ್ಲದ ಕಳ್ಳಿ

ಹಿತ್ತಿಲಿನಲ್ಲಿ ಯಾರೂ ನೆಡದ, ದಪ್ಪ ಮೈಯ ಮುಳ್ಳುಗಿಡವೊಂದು ಹಬ್ಬತೊಡಗಿದರೆ ಅದರ ಕುಲ ತಿಳಿಯಲು ಹಳೆಯ ಉಪಾಯವೊಂದಿದೆ. ತುದಿಯನ್ನು ಸ್ವಲ್ಪ ಗೀರಿ ನೋಡಬೇಕು. ಬಿಳಿ ಹಾಲು ಒಸರಿದರೆ ಅದು ಕಳ್ಳಿಯ ಜಾತಿ. ಹಾಲು ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು. ಹಾಲಿನ ಬದಲು ನೀರಿನಂಥ ಲೋಳೆ ಬಂದು, ಮುಳ್ಳುಗಳು ಮೆತ್ತೆಯಂಥ ಸಣ್ಣ ಚುಕ್ಕೆಗಳಿಂದ ಎದ್ದಿದ್ದರೆ ಅದು ಬಹುಪಾಲು ಕ್ಯಾಕ್ಟಸ್, ಅಮೆರಿಕ ಖಂಡದ ವಂಶ.

ನಮ್ಮ ಬೇಲಿಗಳ ಪಾಪಾಸುಕಳ್ಳಿ ಈ ಎರಡನೆಯ ಗುಂಪಿನದು. ಹೆಸರಿನಲ್ಲಿ ಕಳ್ಳಿ ಇದ್ದರೂ ಅದು ಕಳ್ಳಿಯಲ್ಲ. ಎಲೆಯಂತೆ ಕಾಣುವುದು ಎಲೆಯೂ ಅಲ್ಲ, ಚಪ್ಪಟೆಯಾದ ಕಾಂಡ. ಪಾಪಾಸು ಎಂದರೆ ಪಾದರಕ್ಷೆ. ಪಾರಸಿಯಿಂದ ಬಂದ ಮಾತು. ತಮಿಳರು ಇದನ್ನು ಸಪ್ಪಾತ್ತುಕ್ಕಳ್ಳಿ ಎಂದರು. ಸಪ್ಪಾತ್ತು ಪೋರ್ಚುಗೀಸರಿಂದ ಬಂದ ಮಾತು, ಅರ್ಥ ಬೂಟು. ಪರದೇಶಿ ಗಿಡಕ್ಕೆ ಎರಡು ಭಾಷೆಗಳೂ ಪರದೇಶಿ ಮೆಟ್ಟನ್ನೇ ತೊಡಿಸಿದವು.

ಈಸ್ಟ್ ಇಂಡಿಯಾ ಕಂಪನಿಗೆ ಈ ಗಿಡ ಬೇಕಾದದ್ದು ಬಣ್ಣಕ್ಕಾಗಿ. ಮೆಕ್ಸಿಕೋದಲ್ಲಿ ಇದೇ ಕುಲದ ಗಿಡಗಳ ಮೇಲೆ ಸಾಕುವ ಕೊಚಿನೀಲ್ ಎಂಬ ಹುಳುವಿನಿಂದ ಕಡುಗೆಂಪು ಬಣ್ಣ ತೆಗೆಯುತ್ತಿದ್ದರು. ಆ ವ್ಯಾಪಾರ ಸ್ಪೇನಿನ ಮುಷ್ಟಿಯಲ್ಲಿತ್ತು. ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಹುಳು ಸಾಕುವ ಆಸೆಯಿಂದ ಸೈದಾಪೇಟೆಯಲ್ಲಿ ಪಾಪಾಸುಕಳ್ಳಿಯ ತೋಟವನ್ನೇ ಎಬ್ಬಿಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬವನು ಬ್ರೆಜಿಲಿನಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ಆದರೆ ಅವು ನಿಜವಾದ ಬಣ್ಣದ ಹುಳುಗಳಾಗಿರಲಿಲ್ಲ, ಅವುಗಳ ಕಾಡು ದಾಯಾದಿಗಳಾಗಿದ್ದವು.

ಬಣ್ಣ ಕಳಪೆಯಾಯಿತು; ಹುಳು ಮಾತ್ರ ಹಸಿದಿತ್ತು. ಉತ್ತರ ಭಾರತದಲ್ಲಿ ಹಬ್ಬಿದ್ದ ಒಪನ್ಷಿಯಾ ಮೊನಕಾಂತ ಎಂಬ ಜಾತಿಯನ್ನು ಅದು ತಿಂದು ಒಣಗಿಸಿತು. ಹಾನಿಯಲ್ಲಿ ಲಾಭ ಕಂಡವರು 1836-38ರಲ್ಲಿ ಅದನ್ನು ದಕ್ಷಿಣಕ್ಕೂ, 1860ರ ದಶಕದಲ್ಲಿ ಸಿಂಹಳಕ್ಕೂ ಒಯ್ದರು. ಕಳೆಯ ನಾಶಕ್ಕೆಂದೇ ಒಂದು ದೇಶದಿಂದ ಇನ್ನೊಂದಕ್ಕೆ ಕೀಟವನ್ನು ಕಳಿಸಿದ ಮೊದಲ ಪ್ರಸಂಗವೆಂದು ಇದನ್ನು ಗುರುತಿಸುತ್ತಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವ ಇನ್ನೊಂದು ಜಾತಿ, ಒಪನ್ಷಿಯಾ ಡಿಲ್ಲೆನೈ, ಈ ಹುಳುವಿಗೆ ಬಗ್ಗಲಿಲ್ಲ. ಬಿದ್ದ ಒಂದು ತುಂಡೇ ಬೇರುಬಿಡುವ ಗಿಡ, ಕಡಿದಷ್ಟೂ ಹಬ್ಬುತ್ತದೆ. ಅದು ದಕ್ಷಿಣದ ಒಣಭೂಮಿಯನ್ನು ಆವರಿಸಿ, ಹೊಲ ಹುಲ್ಲುಗಾವಲುಗಳನ್ನು ನುಂಗಿತು. ಅದಕ್ಕೆ ಸರಿಹೊಂದುವ ಬೇರೊಂದು ಕೊಚಿನೀಲ್ ಹುಳು 1926ರಲ್ಲಿ ಸಿಂಹಳದಿಂದ ಬಂತು. ಕೆಲವೇ ವರ್ಷಗಳಲ್ಲಿ ಸಾವಿರಾರು ಎಕರೆ ತೆರವಾಯಿತು.

ಮೊದಲ ಹುಳುವನ್ನು ತಂದವರು ಅದು ಯಾವುದೆಂದು ಅರಿತಿರಲಿಲ್ಲ. ಎರಡನೆಯದನ್ನು ಗಿಡದ ಜಾತಿಗೆ ಹೊಂದಿಸಿ ತಂದರು. ನಡುವೆ ಸರಿದದ್ದು ನೂರಮೂವತ್ತೊಂದು ವರ್ಷ. ಹಿತ್ತಿಲಿನ ಹೊಸ ಗಿಡವನ್ನು ಕಿತ್ತೆಸೆಯುವ ಮೊದಲು, ಚಂದವೆಂದು ನೆರೆಮನೆಗೆ ತುಂಡು ಕೊಡುವ ಮೊದಲು, ಅದು ಯಾವುದೆಂದು ವಿಚಾರಿಸಿಕೊಳ್ಳುವುದು ಲೇಸು.